ಪಾಡ್‌ಕಾಸ್ಟ್ | ‘ಗೇಮ್ ಆಫ್ ಥ್ರೋನ್ಸ್’ ಕೊನೆ: ಅಭಿಮಾನಿಗಳ ಸಿಟ್ಟು ಯಾಕಿನ್ನೂ ಆರಿಲ್ಲ?

ಮುಗಿದು ವರ್ಷಗಳೇ ಆದರೂ ಜಗಳ ಮಾತ್ರ ಮುಗಿಯದ ಒಂದು ಸರಣಿಯ ಬಗ್ಗೆ ಇವತ್ತು ಮಾತಾಡೋಣ. ‘ಗೇಮ್ ಆಫ್ ಥ್ರೋನ್ಸ್’. ಇದರ ಹೆಸರು ತೆಗೆದರೆ ಸಾಕು, ಅಭಿಮಾನಿಗಳು ಎರಡು ಗುಂಪಾಗಿ ನಿಲ್ತಾರೆ. ‘ಎಂಟು ವರ್ಷ ನೋಡಿದ್ದನ್ನು ಆರು ಕಂತಿನಲ್ಲಿ ಹಾಳು ಮಾಡಿಬಿಟ್ರು’ ಅನ್ನೋದು ಒಂದು ಗುಂಪು. ‘ನಿಮಗೆ ಬೇಕಾದ ಹಾಗೆ ಮುಗೀಲಿಲ್ಲ ಅಂತ ಸಿಟ್ಟು, ಅಷ್ಟೇ’ ಅನ್ನೋದು ಇನ್ನೊಂದು. ಇದರಲ್ಲಿ ಯಾರ ಮಾತಿನಲ್ಲಿ ಎಷ್ಟು ಹುರುಳಿದೆ ಅಂತ ನೋಡೋಣ. ಒಂದು ಎಚ್ಚರಿಕೆ: ಕಥೆಯ ಕೊನೆಯನ್ನು ಪೂರ್ತಿ ಹೇಳ್ತೀನಿ. ನೋಡಬೇಕು ಅಂದುಕೊಂಡವರು ಇಲ್ಲೇ ನಿಲ್ಲಿಸಿ, ನೋಡಿಕೊಂಡು ಬನ್ನಿ.

ಮೊದಲು ಸ್ವಲ್ಪ ಹಿನ್ನೆಲೆ. ಸರಣಿ ಅಮೆರಿಕದ ಎಚ್‌ಬಿಒ ವಾಹಿನಿಯಲ್ಲಿ ಶುರುವಾಗಿದ್ದು 2011ರ ಏಪ್ರಿಲ್ 17ರಂದು, ಮುಗಿದಿದ್ದು 2019ರ ಮೇ 19ರಂದು. ಒಟ್ಟು 8 ಸೀಸನ್, 73 ಕಂತು. ಅಲ್ಲಿ ಭಾನುವಾರ ರಾತ್ರಿ 9 ಗಂಟೆ ಅಂದರೆ ನಮಗೆ ಸೋಮವಾರ ಬೆಳಗ್ಗೆ ಆರೂವರೆ. ಆಫೀಸಿಗೆ ಹೊರಡೋ ಮೊದಲೇ ಹಾಟ್‌ಸ್ಟಾರ್‌ನಲ್ಲಿ ನೋಡಿ ಮುಗಿಸದಿದ್ರೆ, ಮಧ್ಯಾಹ್ನ ಊಟದ ಹೊತ್ತಿಗೆ ಯಾರಾದರೂ ಕಥೆ ಹೇಳಿಬಿಡ್ತಾರೆ ಅನ್ನೋ ಭಯ ಬೆಂಗಳೂರಿನಲ್ಲೂ ಇತ್ತು. ಕೊನೆಯ ಕಂತನ್ನು ಅಮೆರಿಕದಲ್ಲೇ ಆ ಒಂದು ರಾತ್ರಿ 1.93 ಕೋಟಿ ಜನ ನೋಡಿದರು ಅಂತ ಎಚ್‌ಬಿಒ ಹೇಳಿತು. ಅದೇ ದಿನಗಳಲ್ಲಿ, ‘ಎಂಟನೇ ಸೀಸನ್ನನ್ನು ಬೇರೆ ಬರಹಗಾರರಿಂದ ಮತ್ತೆ ಮಾಡಿಸಿ’ ಅನ್ನೋ ಆನ್‌ಲೈನ್ ಮನವಿಗೆ 10 ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು. ಇಷ್ಟಾಗಿಯೂ ಆ ವರ್ಷದ ಸೆಪ್ಟೆಂಬರ್‌ನಲ್ಲಿ ಎಮ್ಮಿ ಪ್ರಶಸ್ತಿಯಲ್ಲಿ ‘ಅತ್ಯುತ್ತಮ ಡ್ರಾಮಾ ಸರಣಿ’ ಗೌರವ ಇದಕ್ಕೇ ಬಂತು! ವಿಚಿತ್ರ ಅಲ್ವಾ?

ಮನಸ್ಸಿಗೆ ನೋವಾಗೋ ಹಾಗೆ ಮುಗೀತು, ಅದಕ್ಕೇ ಜನಕ್ಕೆ ಸಿಟ್ಟು ಅಂತ ಕೆಲವರು ಹೇಳ್ತಾರೆ. ನಾನು ಇದನ್ನು ಒಪ್ಪೋದಿಲ್ಲ. ಯಾಕಂದ್ರೆ ಈ ಸರಣಿ ಹೆಸರು ಮಾಡಿದ್ದೇ ನೋವು ಕೊಟ್ಟು. ಮೊದಲ ಸೀಸನ್ನಿನ ಒಂಬತ್ತನೇ ಕಂತಿನಲ್ಲಿ ನೆಡ್ ಸ್ಟಾರ್ಕ್ ತಲೆ ಉರುಳಿತು. ಅಲ್ಲಿಯವರೆಗೆ ಅವನೇ ಕಥಾನಾಯಕ ಅಂತ ಎಲ್ಲರೂ ನಂಬಿದ್ದರು. ಮೂರನೇ ಸೀಸನ್ನಿನಲ್ಲಿ ಮದುವೆ ಮನೆಯಲ್ಲೇ ಅವನ ಮಗ ರಾಬ್, ಸೊಸೆ, ಹೆಂಡತಿ ಎಲ್ಲರ ಕೊಲೆಯಾಯ್ತು. ಜನ ಅತ್ತರು, ಬೈದರು, ಆದರೆ ನೋಡೋದು ಬಿಡಲಿಲ್ಲ. ಯಾಕೆ? ಆ ಸಾವುಗಳಿಗೆ ಲೆಕ್ಕ ಇತ್ತು. ನೆಡ್ ತನಗೆ ಗೊತ್ತಾದ ಗುಟ್ಟನ್ನು ನೇರವಾಗಿ ಶತ್ರು ಸರ್ಸಿಗೇ ಹೇಳಿದ. ರಾಬ್ ಫ್ರೇ ಮನೆತನಕ್ಕೆ ಕೊಟ್ಟ ಮದುವೆಯ ಮಾತು ಮುರಿದ. ಮಾಡಿದ್ದಕ್ಕೆ ಬೆಲೆ ತೆರಲೇಬೇಕು, ಎಷ್ಟೇ ಒಳ್ಳೆಯವನಾದರೂ ವಿನಾಯಿತಿ ಇಲ್ಲ. ಇದು ಸರಣಿಯೇ ನಮಗೆ ಕಲಿಸಿದ ನಿಯಮ. ಕೊನೆಗೆ ಜನ ತಕರಾರು ತೆಗೆದದ್ದು, ಆ ನಿಯಮವನ್ನು ಕಲಿಸಿದವರೇ ಮರೆತರು ಅಂತ.

ಡೆನೇರಿಸ್ ಟಾರ್ಗೇರಿಯನ್ ಕಥೆಯನ್ನೇ ತಗೊಳ್ಳಿ. ಗುಲಾಮರ ಸಂಕೋಲೆ ಕಡಿದವಳು, ಕೊನೆಯ ಹಿಂದಿನ ಕಂತಿನಲ್ಲಿ ಇಡೀ ಕಿಂಗ್ಸ್ ಲ್ಯಾಂಡಿಂಗ್ ನಗರವನ್ನೇ ಸುಟ್ಟು ಹಾಕ್ತಾಳೆ. ಶರಣಾಗತಿಯ ಗಂಟೆ ಬಾರಿಸಿದ ಮೇಲೆ, ಗೆದ್ದ ಮೇಲೆ! ‘ಸುಳಿವು ಮೊದಲೇ ಇತ್ತಲ್ಲ’ ಅಂತ ಸರಣಿಯ ಪರ ಇರೋರು ಹೇಳ್ತಾರೆ. ನಿಜ, ಇತ್ತು. ಅಣ್ಣನ ತಲೆ ಮೇಲೆ ಕಾದ ಚಿನ್ನ ಸುರಿದಾಗ ಅವಳ ಕಣ್ಣಲ್ಲಿ ಹನಿ ನೀರಿರಲಿಲ್ಲ. ಮೀರೀನ್‌ನಲ್ಲಿ 163 ಒಡೆಯರನ್ನು ಕಂಬಕ್ಕೆ ಹೊಡೆಸಿದಳು. ತಲೆಬಾಗದ ಟಾರ್ಲಿ ತಂದೆ ಮಗನನ್ನು ಡ್ರ್ಯಾಗನ್ ಬೆಂಕಿಗೆ ಕೊಟ್ಟಳು.

ಆದರೆ ಒಂದು ವ್ಯತ್ಯಾಸ ಗಮನಿಸಿ. ಅಲ್ಲೆಲ್ಲ ಎದುರಿಗಿದ್ದವರು ಅವಳ ಶತ್ರುಗಳು. ಇಲ್ಲಿ ಬೀದಿಯಲ್ಲಿ ಓಡುತ್ತಿದ್ದವರು ಮಕ್ಕಳು, ತಾಯಂದಿರು, ಅವಳು ಯಾರನ್ನು ಬಿಡಿಸ್ತೀನಿ ಅಂತಿದ್ದಳೋ ಅಂಥವರೇ. ಅಲ್ಲಿಂದ ಇಲ್ಲಿಗೆ ಬರೋಕೆ ದಾರಿ ಬೇಕಿತ್ತು. ಗೆಳತಿಯ ತಲೆ ಹೋಯ್ತು, ಒಂದು ಡ್ರ್ಯಾಗನ್ ಸತ್ತಿತು, ಜಾನ್ ಸ್ನೋ ದೂರವಾದ, ನಂಬಿದ ಸಲಹೆಗಾರ ದ್ರೋಹ ಮಾಡಿದ. ಒಬ್ಬಳನ್ನು ಮುರಿಯೋಕೆ ಇಷ್ಟು ಸಾಕು, ನಾನು ಒಪ್ತೀನಿ. ಆದರೆ ಇಷ್ಟನ್ನೂ ಸುಮಾರು ಎರಡು ಕಂತಿನಲ್ಲಿ ತುರುಕಿದರು. ಸುಳಿವು ಕೊಡೋದೇ ಬೇರೆ, ಪಾತ್ರ ಬದಲಾಗೋದನ್ನು ತೋರಿಸೋದೇ ಬೇರೆ.

ಜೇಮಿ ಲ್ಯಾನಿಸ್ಟರ್ ವಿಷಯದಲ್ಲೂ ಇದೇ ಆಯ್ತು. ಅವನು ಹುಚ್ಚು ರಾಜನನ್ನು ಕೊಂದದ್ದು ನಗರದ ಲಕ್ಷಾಂತರ ಜನರನ್ನು ಉಳಿಸೋಕೆ ಅಂತ ಮೂರನೇ ಸೀಸನ್ನಿನಲ್ಲಿ ಗೊತ್ತಾಗುತ್ತೆ. ಎಂಟನೆಯದರಲ್ಲಿ ಅದೇ ಜೇಮಿ, ಆ ಜನರ ಬಗ್ಗೆ ನನಗೆ ಯಾವತ್ತೂ ಅಂಥ ಕಾಳಜಿ ಇರಲಿಲ್ಲ ಅನ್ನೋ ಅರ್ಥದ ಮಾತಾಡಿ ಸರ್ಸಿ ಹತ್ತಿರ ಓಡ್ತಾನೆ. ಇನ್ನು ಬ್ರ್ಯಾನ್! ಐದನೇ ಸೀಸನ್ನಿನಲ್ಲಿ ಅವನ ಪಾತ್ರವೇ ಇರಲಿಲ್ಲ. ಕೊನೆಗೆ ಸಿಂಹಾಸನ ಅವನಿಗೆ, ಕಾರಣ ಅವನ ಕಥೆ ಎಲ್ಲರ ಕಥೆಗಿಂತ ದೊಡ್ಡದು ಅಂತ ಟಿರಿಯನ್ ಭಾಷಣ. ನೋಡೋರಿಗೆ ಹಾಗೆ ಅನ್ನಿಸಿರಲೇ ಇಲ್ಲವಲ್ಲ!

ಹೀಗೆ ಯಾಕಾಯ್ತು? ಮೂಲ ಕಾದಂಬರಿ ಸರಣಿಯನ್ನು ಬರೆದವರು ಜಾರ್ಜ್ ಆರ್.ಆರ್. ಮಾರ್ಟಿನ್. ಮೊದಲ ಪುಸ್ತಕ ಬಂದಿದ್ದು 1996ರಲ್ಲಿ, ಐದನೆಯದು 2011ರಲ್ಲಿ. ಟಿವಿ ಸರಣಿ ಮುಗಿಯೋವಾಗಲೂ ಆರನೆಯದು ಬಂದಿರಲಿಲ್ಲ. ನಿರ್ಮಾಪಕರಾದ ಡೇವಿಡ್ ಬೆನಿಯಾಫ್ ಮತ್ತು ಡಿ.ಬಿ. ವೈಸ್ ಅವರಿಗೆ ಕಥೆಯ ಮುಖ್ಯ ತಿರುವುಗಳನ್ನು ಮಾರ್ಟಿನ್ ಹೇಳಿದ್ದರು. ಅಂದರೆ ಊರು ಯಾವುದು ಅಂತ ಗೊತ್ತಿತ್ತು, ದಾರಿ ಗೊತ್ತಿರಲಿಲ್ಲ. ಬರಹಗಾರರಲ್ಲಿ ಎರಡು ಬಗೆ ಅಂತ ಮಾರ್ಟಿನ್ ಹೇಳ್ತಿರ್ತಾರೆ. ವಾಸ್ತುಶಿಲ್ಪಿ ಥರದವರು ಮೊದಲೇ ನಕ್ಷೆ ಹಾಕಿಕೊಳ್ತಾರೆ, ತೋಟಗಾರ ಥರದವರು ಬೀಜ ಬಿತ್ತಿ ಬೆಳೆಯೋದನ್ನು ನೋಡ್ತಾರೆ. ಮಾರ್ಟಿನ್ ತೋಟಗಾರ. ತೋಟಗಾರ ಬೆಳೆಸಿದ ಕಥೆಯನ್ನು ನಕ್ಷೆ ಹಿಡಿದು ಮುಗಿಸೋಕೆ ಹೊರಟಾಗ ಬಿರುಕು ಕಾಣಿಸಿಕೊಂಡಿತು ಅನ್ನೋದು ನನ್ನ ಅಂದಾಜು.

ಅದರ ಮೇಲೆ ಅವಸರ ಬೇರೆ. ಮೊದಲ ಆರು ಸೀಸನ್ ತಲಾ 10 ಕಂತು, ಏಳನೆಯದು 7, ಎಂಟನೆಯದು ಬರೀ 6. ಎಚ್‌ಬಿಒ ಇನ್ನೂ ಮುಂದುವರಿಸೋಕೆ ತಯಾರಿತ್ತು. ಸಾಕು ಅಂದವರು ನಿರ್ಮಾಪಕರು. ಕೊನೆಯ ಕಂತುಗಳು ಒಂದೊಂದೂ ಸಿನಿಮಾದಷ್ಟು ಉದ್ದ ಇದ್ದವು, ನಿಜ. ಆದರೆ ಆ ಹೊತ್ತನ್ನು ಯುದ್ಧ ತಿಂದುಹಾಕಿತು, ಮಾತಿಗೆ ಸಿಕ್ಕಿದ್ದು ಕಡಿಮೆ. ಮೊದಲ ಕಂತಿನ ಮೊದಲ ದೃಶ್ಯದಿಂದ ಹೆದರಿಸುತ್ತಾ ಬಂದ ಹಿಮದಾಚೆಯ ಸಾವಿನ ಸೈನ್ಯ, ಮೂರನೇ ಕಂತಿನ ಒಂದೇ ರಾತ್ರಿಯಲ್ಲಿ ಮುಗಿದುಹೋಯ್ತು.

ಯಕ್ಷಗಾನದಲ್ಲಿ ಕರ್ಣ ಸಾಯ್ತಾನೆ ಅಂತ ಗೊತ್ತಿದ್ದೇ ನಾವು ಬೆಳಗಿನವರೆಗೂ ಕೂರ್ತೀವಿ. ಅವನು ಸಾವಿನ ಕಡೆಗೆ ಹೇಗೆ ನಡೀತಾನೆ ಅನ್ನೋದೇ ನಮಗೆ ಬೇಕಾಗಿರೋದು. ಹಾಗೇ ಇಲ್ಲೂ. ಡೆನೇರಿಸ್ ನಗರ ಸುಡಲಿ, ಜಾನ್ ಅವಳನ್ನು ಕೊಲ್ಲಲಿ, ಬ್ರ್ಯಾನ್ ರಾಜನಾಗಲಿ. ಇದರಲ್ಲಿ ಯಾವುದೂ ಕೆಟ್ಟ ಮುಕ್ತಾಯ ಅಲ್ಲ. ಅಲ್ಲಿಗೆ ನಮ್ಮನ್ನು ನಡೆಸಿಕೊಂಡು ಹೋಗಲಿಲ್ಲ, ಎತ್ತಿ ಇಳಿಸಿಬಿಟ್ಟರು.

ಇದು ಬರೀ ಮನರಂಜನೆಯ ಮಾತಲ್ಲ. ಅಮೆರಿಕದಲ್ಲಿ ನೂರಾರು ತಂದೆ ತಾಯಿ ತಮ್ಮ ಹೆಣ್ಣುಮಕ್ಕಳಿಗೆ ಡೆನೇರಿಸ್‌ಳ ಬಿರುದಾದ ‘ಖಲೀಸಿ’ ಅಂತ ಹೆಸರಿಟ್ಟಿದ್ದರು. ಅವರು ಅವಳಲ್ಲಿ ಕಂಡಿದ್ದು ಮಾರಾಟದ ವಸ್ತುವಾಗಿದ್ದ ಹುಡುಗಿ ನಾಯಕಿಯಾದ ಕಥೆ. ಒಳ್ಳೆಯದು ಮಾಡ್ತೀನಿ ಅಂತ ಹೊರಟವರು ಹೇಗೆ ಸರ್ವಾಧಿಕಾರಿ ಆಗ್ತಾರೆ, ಸುತ್ತ ಇದ್ದವರು ಎಲ್ಲಿಯವರೆಗೆ ಚಪ್ಪಾಳೆ ತಟ್ಟುತ್ತಾ ಇರ್ತಾರೆ? ಇದು ಯಾವ ಕಾಲಕ್ಕೂ ಬೇಕಾದ ಪ್ರಶ್ನೆ. ಅದನ್ನು ನಿಧಾನವಾಗಿ ತೋರಿಸಿದ್ದರೆ ಚಪ್ಪಾಳೆ ತಟ್ಟಿದ ನಾವೂ ನಮ್ಮನ್ನೇ ಕೇಳಿಕೊಳ್ತಿದ್ವಿ. ಅವಸರ ಮಾಡಿದ್ದರಿಂದ ಅದು ಎಷ್ಟೋ ಜನಕ್ಕೆ ‘ರಕ್ತದಲ್ಲೇ ಹುಚ್ಚು ಇತ್ತು’ ಅನ್ನೋ ಸುಲಭದ ಉತ್ತರದ ಹಾಗೆ ಕಂಡಿತು.

ಹಾಗಂತ ‘ಮತ್ತೆ ಮಾಡಿ’ ಅನ್ನೋ ಬೇಡಿಕೆಯ ಪರ ನಾನಿಲ್ಲ. ಕಥೆ ಹೇಳೋದು ಹೋಟೆಲಿನಲ್ಲಿ ದೋಸೆ ಆರ್ಡರ್ ಮಾಡಿದ ಹಾಗಲ್ಲ, ಸರಿ ಬೇಯಲಿಲ್ಲ ಅಂತ ವಾಪಸ್ ಕಳಿಸೋಕೆ. ಕಲಾವಿದರೂ ತಂತ್ರಜ್ಞರೂ ವಿಂಟರ್‌ಫೆಲ್ ಯುದ್ಧಕ್ಕೆ 55 ರಾತ್ರಿ ಚಿತ್ರೀಕರಣ ಮಾಡಿದ್ದಾರೆ, ಆ ದುಡಿಮೆಗೆ ಮರ್ಯಾದೆ ಇದೆ. ಸರಣಿ ಪೂರ್ತಿ ಸತ್ತಿತು ಅನ್ನೋದೂ ಸುಳ್ಳು. 2022ರ ಆಗಸ್ಟ್‌ನಲ್ಲಿ ಇದೇ ಲೋಕದ ಹಿಂದಿನ ಕಥೆ ‘ಹೌಸ್ ಆಫ್ ದಿ ಡ್ರ್ಯಾಗನ್’ ಬಂದಾಗ, ಬೈದವರೇ ಮತ್ತೆ ಬಂದು ಕೂತರು.

ನೋಡುಗರಿಗೆ ಕೊನೆಯನ್ನು ಬರೆಯೋ ಹಕ್ಕಿಲ್ಲ. ಆದರೆ ಎಂಟು ವರ್ಷ ನಂಬಿ ಕೂತವರಿಗೆ, ಆ ಕೊನೆಗೆ ಹೇಗೆ ಬಂದಿರಿ ಅಂತ ಕೇಳೋ ಹಕ್ಕು ಖಂಡಿತ ಇದೆ. ನೀವು ಯಾವ ಗುಂಪಿನವರು? ಬರೆದು ತಿಳಿಸಿ.