ಧಾರವಾಡದ ಕಲ್ಯಾಣನಗರ

ಧಾರವಾಡಕ್ಕೆ ಬರುವ ಸಾಹಿತ್ಯಾಭಿಮಾನಿಗಳು ಸಾಧನಕೇರಿಯಲ್ಲಿರುವ ಕವಿ ಬೇಂದ್ರೆಯವರ ಮನೆ ‘ಶ್ರೀಮಾತಾ’ವನ್ನೂ, ಗಾಯಕ ಮಲ್ಲಿಕಾರ್ಜುನ ಮನಸೂರರ ಮನೆ ‘ಮೃತ್ಯುಂಜಯ’ವನ್ನೂ ದರ್ಶಿಸಿ, ಲೈನ್ ಬಜಾರದಲ್ಲಿ ಪೇಢೆ ಕಟ್ಟಿಸಿಕೊಂಡು ಹಿಂದಿರುಗುವುದು ರೂಢಿ, ಆದರೆ ಒಬ್ಬ ಕವಿ, ಒಬ್ಬ ಕಥೆಗಾರ್ತಿ, ಒಬ್ಬ ಸಂಶೋಧಕ ಸಂಸಾರ ಹೂಡಿ ಬಾಳಿದ ಕಲ್ಯಾಣನಗರವನ್ನು ಕಾಣದೆ ಹೋದವರ ಯಾತ್ರೆ ಅಪೂರ್ಣವೆಂದೇ ನನ್ನ ಎಣಿಕೆ.

ಇದು ಕೋಟೆ-ಪೇಟೆಗಳ ಕಾಲದ ಓಣಿಯಲ್ಲ. 1949ರಲ್ಲಿ ಮುಂಬಯಿಯಲ್ಲಿ ಜನ್ಮತಾಳಿದ ಕರ್ನಾಟಕ ವಿಶ್ವವಿದ್ಯಾಲಯವು ಮರುವರ್ಷ ಧಾರವಾಡಕ್ಕೆ ಬಂದು, ಮುಂದೆ ಉಪಕುಲಪತಿ ಡಿ.ಸಿ. ಪಾವಟೆಯವರ ದೀರ್ಘ ಆಡಳಿತದಲ್ಲಿ ಛೋಟಾ ಮಹಾಬಳೇಶ್ವರ ಗುಡ್ಡದ ಮೇಲೆ ಭವ್ಯವಾಗಿ ಬೆಳೆದು ನಿಂತಿತು. ಊರಿನ ಈ ಹೊಸ ಬಡಾವಣೆಯ ಕೀರ್ತಿಯೂ ಆ ವಿದ್ಯಾಸಂಸ್ಥೆಯ ಋಣದಿಂದಲೇ ಬಂದದ್ದು.

ಇಲ್ಲಿಯ ‘ಚೆಂಬೆಳಕು’ ಚೆನ್ನವೀರ ಕಣವಿಯವರ ಮನೆ. ಗದಗ ಸೀಮೆಯ ಹೊಂಬಳದಲ್ಲಿ 1928ರಲ್ಲಿ ಹುಟ್ಟಿದ ಈ ಸೌಮ್ಯ ಕವಿ, ವಿಶ್ವವಿದ್ಯಾಲಯದ ಪ್ರಸಾರಾಂಗದ ನಿರ್ದೇಶಕರಾಗಿ 1983ರವರೆಗೆ ದುಡಿದು, ಪಂಡಿತರು ಹಳ್ಳಿಗಳಿಗೆ ಹೋಗಿ ಮಾಡಿದ ಉಪನ್ಯಾಸಗಳನ್ನು ಅಗ್ಗದ ಕಿರುಹೊತ್ತಗೆಗಳಾಗಿ ಅಚ್ಚು ಹಾಕಿಸಿ, ಜ್ಞಾನವನ್ನು ಒಕ್ಕಲಿಗನ ಮನೆಯ ಮಾಡಕ್ಕೆ ಮುಟ್ಟಿಸಿದರು. ಅವರ ‘ಜೀವಧ್ವನಿ’ಗೆ 1981ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತಾದರೂ, ನಾನು ಈ ಪ್ರಕಾಶನಕಾರ್ಯವನ್ನು ಅದಕ್ಕಿಂತ ಕಿರಿದೆಂದು ಬಗೆಯಲಾರೆ. ಅವರ ಪತ್ನಿ, ‘ಸಂಜೆಮಲ್ಲಿಗೆ’ಯ ಕಥೆಗಾರ್ತಿ ಶಾಂತಾದೇವಿ ಕಣವಿಯವರು ಅದೇ ಮನೆಯ ಒಡತಿಯಾಗಿದ್ದರು.

ಇದೇ ನಗರದಲ್ಲಿ ವಾಸವಾಗಿದ್ದ ಎಂ.ಎಂ. ಕಲಬುರ್ಗಿಯವರ ಪ್ರಕೃತಿ ಬೇರೆ. ಶಾಸನ, ಹಸ್ತಪ್ರತಿ, ಜನಪದ, ಸ್ಥಳನಾಮ, ಯಾವುದನ್ನು ಕೈಗೆತ್ತಿಕೊಂಡರೂ ರೂಢಮೂಲವಾದ ನಂಬಿಕೆಯನ್ನು ಆಧಾರ ಕೇಳದೆ ಬಿಡದ ಈ ವಿದ್ವಾಂಸರು, ಕವಿರಾಜಮಾರ್ಗದ ಪರಿಸರವನ್ನು ಕುರಿತ ಪ್ರಬಂಧದಿಂದ ತೊಡಗಿ, ‘ಮಾರ್ಗ’ವೆಂಬ ಸಂಶೋಧನ ಲೇಖನಗಳ ಸಂಪುಟಗಳವರೆಗೆ ಎಡೆಬಿಡದೆ ಬರೆದರು, ಹದಿನೈದು ಸಂಪುಟಗಳ ಸಮಗ್ರ ವಚನ ಸಾಹಿತ್ಯಕ್ಕೆ ಪ್ರಧಾನ ಸಂಪಾದಕರಾದರು, 1998ರಿಂದ 2001ರವರೆಗೆ ಹಂಪಿಯ ಕನ್ನಡ ವಿಶ್ವವಿದ್ಯಾಲಯವನ್ನು ನಡೆಸಿ ಮತ್ತೆ ಧಾರವಾಡಕ್ಕೇ ಮರಳಿದರು. ಸಂಶೋಧನೆಯ ನಿರ್ಣಯಗಳಿಗಾಗಿ ಅವರು ಸ್ವಜನರ ಕೋಪವನ್ನೂ ಉಂಡವರು. 2015ರ ಆಗಸ್ಟ್ 30ರ ಭಾನುವಾರ ಬೆಳಿಗ್ಗೆ, ಎಪ್ಪತ್ತಾರರ ಆ ಹಿರಿಯರನ್ನು ಹಂತಕರು ಅವರ ಮನೆಬಾಗಿಲಲ್ಲೇ ಗುಂಡಿಟ್ಟು ಕೊಂದರು. ಪ್ರಮಾಣವನ್ನು ಪ್ರಮಾಣದಿಂದಲೇ ಖಂಡಿಸಬೇಕೆಂಬ ಕನ್ನಡದ ವಾದಪರಂಪರೆಗೆ ಬಿದ್ದ ಈ ಪೆಟ್ಟು ಇನ್ನೂ ಮಾಗಿಲ್ಲ.

ಅವರಿಗಿಂತ ಹತ್ತು ವರ್ಷ ಹಿರಿಯರಾದ ಕಣವಿಯವರು ಆ ವಿಯೋಗವನ್ನೂ, 2020ರಲ್ಲಿ ಪತ್ನಿಯ ಅಗಲಿಕೆಯನ್ನೂ ಸಹಿಸಿ, 2022ರ ಫೆಬ್ರವರಿ 16ರಂದು ತೀರಿಕೊಂಡರು.

ಈ ಬೀದಿಗಳಿಗೆ ಬರುವವರು ಕಣವಿಯವರ ಸುನೀತಗಳನ್ನೂ ಕಲಬುರ್ಗಿಯವರ ‘ಮಾರ್ಗ’ದ ಒಂದು ಸಂಪುಟವನ್ನೂ ಓದಿಯೇ ಬರಬೇಕು, ಏಕೆಂದರೆ ಇಲ್ಲಿಯ ಮನೆಗಳು ಹೊರನೋಟಕ್ಕೆ ಸಾಮಾನ್ಯವಾದವು.