ಕೆತ್ತನೆಯ ಸಂದಿಗೆ ಮರಳು ಕಾಗದ

ಸಿಂಧನೂರು, ಲಿಂಗಸುಗೂರು, ಮಸ್ಕಿ ಭಾಗದಲ್ಲಿ ತಲೆಬಾಗಿಲಿಗೆ ಹೂಬಳ್ಳಿ ಕೆತ್ತಿಸುವ ರೂಢಿಯಿದೆ. ಸಪಾಟು ಹಲಗೆಯನ್ನು ಯಂತ್ರ ನಯಗೊಳಿಸುತ್ತದೆ. ಎಸಳಿನ ಬುಡ, ಬಳ್ಳಿಯ ತಿರುವುಗಳನ್ನು ಕೈಯಿಂದಲೇ ಉಜ್ಜಬೇಕು. ಮರಳು ಕಾಗದವನ್ನು ಬೆರಳಿಗೆ ಸುತ್ತಿ ಉಜ್ಜಿದರೆ ಅಂಚು ಮೊಂಡಾಗಿ ಕೆತ್ತನೆಯೇ ಮಸುಕಾಗುತ್ತದೆ. ಸಂದಿಯ ಆಕಾರಕ್ಕೆ ಹೆರೆದ ಬಿದಿರುಕಡ್ಡಿಗೆ ಕಾಗದದ ತುಂಡು ಅಂಟಿಸಿಕೊಳ್ಳುವುದು ಲೇಸು. ದುಂಡು ಭಾಗಕ್ಕಾದರೆ ಬಟ್ಟೆಯ ಬೆನ್ನಿರುವ ಪಟ್ಟಿಯನ್ನು ಕಡಗೋಲ ಹಗ್ಗದಂತೆ ಎಳೆದಾಡಬೇಕು. 120ನೇ ಸಂಖ್ಯೆಯ ಕಾಗದದಿಂದ 180, 220ಕ್ಕೆ ಏರುವುದು ಕ್ರಮ. ಮರದ ಎಳೆಗೆ ಅಡ್ಡಲಾಗಿ ಉಜ್ಜಿದ ಗೀರು ಪಾಲಿಶ್ ಬಳಿದ ಮೇಲೆಯೇ ಎದ್ದು ಕಾಣುತ್ತದೆ.

ಸಂದಿಗೆ ಮುಖವೊಡ್ಡಿ ಕೂರುವ ಬಡಗಿ ಧೂಳನ್ನೂ ನುಂಗುತ್ತಾನೆ. ಮರದ ಧೂಳು ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 1995ರಲ್ಲೇ ಪ್ರಕಟಿಸಿದೆ. ಹೆಗಲ ಮೇಲಿನ ಟವೆಲ್ಲನ್ನು ಮೂಗಿಗೆ ಕಟ್ಟಿದರೆ ಸಾಲದು. ಸೂಕ್ಷ್ಮ ಧೂಳು ತಡೆಯುವ ಮಾಸ್ಕ್ ಬೇಕು.