ವಿಪತ್ತಿನ ವೇಳೆಯಲ್ಲಿ ಸೇನೆ ಮತ್ತು ಭಾಷಾ ಸ್ವಯಂಸೇವಕರು

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ಕಿಲ್ಲಾರಿ ಪ್ರದೇಶದಲ್ಲಿ ಸಂಭವಿಸಿದ ಭೂಕಂಪದಲ್ಲಿ ಸುಮಾರು 8,000 ಜನರು ಪ್ರಾಣ ಕಳೆದುಕೊಂಡರು. ಕಲ್ಲುಮಣ್ಣಿನ ಮನೆಗಳು ಕುಸಿದು ಅವುಗಳಡಿ ಸಿಲುಕಿದ್ದವರನ್ನು ಹೊರತೆಗೆಯುವ ಕಾರ್ಯದಲ್ಲಿ ಸೇನೆಯು ನಾಗರಿಕ ಆಡಳಿತಕ್ಕೆ ನೆರವಾಯಿತು. ನಮ್ಮ ಸೇನೆಯಲ್ಲಿ ದೇಶದ ಎಲ್ಲ ಭಾಗಗಳ ಯೋಧರಿದ್ದಾರೆ. ಸಂಕಟದಲ್ಲಿರುವ ಗ್ರಾಮಸ್ಥರಿಗಾದರೋ ತಮ್ಮ ಮಾತೃಭಾಷೆಯೇ ಆಧಾರ. ಇವರಿಬ್ಬರ ನಡುವೆ ಮಾತಿನ ಸೇತುವೆಯಾಗಬಲ್ಲ ನಾಗರಿಕರ ಸೇವೆಯು ಇಂತಹ ವೇಳೆಯಲ್ಲಿ ಅಮೂಲ್ಯವಾದುದು.

ಪುಣೆಯ ವೈಶಿಷ್ಟ್ಯ

ಸೇನೆಯ ದಕ್ಷಿಣ ಕಮಾಂಡಿನ ಕೇಂದ್ರ ಕಾರ್ಯಾಲಯವು ಪುಣೆಯಲ್ಲಿದೆ. ಭಾಷಾ ಕಲಿಕೆಗೂ ಈ ನಗರ ಹೆಸರಾಗಿದೆ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನಕ್ಕೆ ಸೇರಿದ ಪಶ್ಚಿಮ ಪ್ರಾದೇಶಿಕ ಭಾಷಾ ಕೇಂದ್ರವು ಡೆಕ್ಕನ್ ಕಾಲೇಜಿನ ಆವರಣದಲ್ಲಿದ್ದು, ಅನ್ಯಭಾಷಿಕ ಶಿಕ್ಷಕರಿಗೆ ಮರಾಠಿ ಮೊದಲಾದ ಭಾಷೆಗಳನ್ನು ಕಲಿಸುತ್ತದೆ. ರಾನಡೆ ಸಂಸ್ಥೆಯಲ್ಲಿ ವಿದೇಶಿ ಭಾಷೆಗಳ ಬೋಧನೆಯಿದೆ. ಪುಣೆಯ ಔಂಧ್ ಸೇನಾ ನೆಲೆಯಲ್ಲಿ 2014ರಲ್ಲಿ ಚೀನಾದೊಂದಿಗೆ, 2019ರಲ್ಲಿ ಆಫ್ರಿಕಾದ ರಾಷ್ಟ್ರಗಳೊಂದಿಗೆ ಜಂಟಿ ಸಮರಾಭ್ಯಾಸಗಳು ನಡೆದವು. 2008ರಲ್ಲಿ ಚೀನಾದೊಂದಿಗಿನ ಅಭ್ಯಾಸಕ್ಕೆ ನಮ್ಮ ಬೆಳಗಾವಿಯೇ ಆತಿಥ್ಯ ವಹಿಸಿತ್ತು. ಇಂತಹ ಕೂಟಗಳಲ್ಲಿ ದುಭಾಷಿಗಳಿಲ್ಲದೆ ಕಾರ್ಯ ಸಾಗದು.

ಭಾಷೆ ಬಲ್ಲವರೆಲ್ಲ ದುಭಾಷಿಗಳೇ?

ಎರಡು ಭಾಷೆಗಳನ್ನು ಬಲ್ಲ ಮಾತ್ರಕ್ಕೆ ಯಾರೂ ದುಭಾಷಿಗಳಾಗುವುದಿಲ್ಲ. ಹಿಂದಿಯ 'ಕಲ್' ಎಂಬ ಪದಕ್ಕೆ ನಿನ್ನೆ, ನಾಳೆ ಎಂಬ ಎರಡೂ ಅರ್ಥಗಳಿವೆ. ಮರಾಠಿಯ 'ಕಾಲ್' ಎಂದರೆ ನಿನ್ನೆ ಮಾತ್ರ. ಕನ್ನಡಿಗರ ಕಿವಿಗೆ 'ಕಲ್' ಎಂದರೆ ಕಲ್ಲು. ಹಿಂದಿಯಲ್ಲಿ 'ಚೇಷ್ಟಾ' ಎಂದರೆ ಪ್ರಯತ್ನ. ಮರಾಠಿ, ಕನ್ನಡಗಳಲ್ಲಿ ಅದೇ ಪದ ಕುಚೋದ್ಯವನ್ನು ಸೂಚಿಸುತ್ತದೆ. ಅವಶೇಷಗಳಡಿಯಿಂದ ದನಿ ಕೇಳಿಬಂದುದು ಯಾವಾಗ, ದೋಣಿ ಬರುವುದು ಎಂದು ಎಂಬ ಪ್ರಶ್ನೆಗಳಲ್ಲಿ ಒಂದು ದಿನದ ತಪ್ಪು ಒಂದು ಜೀವಕ್ಕೇ ಎರವಾಗಬಹುದು.

ಅಗತ್ಯವಾದ ಸಿದ್ಧತೆ

ಆದ್ದರಿಂದ ಸ್ವಯಂಸೇವಕರು ಕೆಲವು ವಿಷಯಗಳನ್ನು ಮೊದಲೇ ಅಭ್ಯಾಸ ಮಾಡಿರಬೇಕು. ಒಂದನೆಯದಾಗಿ, ಗಾಯ, ಔಷಧ, ದಿಕ್ಕು, ದೂರ, ಸಂಖ್ಯೆ ಇವುಗಳಿಗೆ ಸಂಬಂಧಿಸಿದ ಪದಗಳು ಎರಡೂ ಭಾಷೆಗಳಲ್ಲಿ ನಾಲಗೆಯ ತುದಿಯಲ್ಲಿರಬೇಕು. ಎರಡನೆಯದಾಗಿ, ಹೇಳಿದ್ದನ್ನು ಹೇಳಿದಂತೆಯೇ ತಿಳಿಸಬೇಕು. ತಮ್ಮ ಅಭಿಪ್ರಾಯವನ್ನು ಬೆರೆಸಬಾರದು. ಮೂರನೆಯದಾಗಿ, ಅರ್ಥವಾಗದಿದ್ದಲ್ಲಿ ಸಂಕೋಚವಿಲ್ಲದೆ ಮತ್ತೊಮ್ಮೆ ಕೇಳಬೇಕು. ಊಹೆಯಿಂದ ಉತ್ತರಿಸುವುದು ಅಪಾಯಕಾರಿ. ನಾಲ್ಕನೆಯದಾಗಿ, ಕೇಳಿದ ಸಂಗತಿಗಳನ್ನು ಗೋಪ್ಯವಾಗಿಡಬೇಕು. ಐದನೆಯದಾಗಿ, ಸ್ಥಳದಲ್ಲಿರುವ ಅಧಿಕಾರಿಯ ಆದೇಶವನ್ನು ಪಾಲಿಸಬೇಕು.

ಸೇವೆಗೆ ಮಾರ್ಗಗಳು

ಉದ್ಯೋಗದಲ್ಲಿದ್ದುಕೊಂಡೇ ದೇಶಸೇವೆ ಮಾಡಬಯಸುವವರಿಗೆ 1949ರಲ್ಲಿ ಉದ್ಘಾಟನೆಗೊಂಡ ಪ್ರಾದೇಶಿಕ ಸೇನೆಯು ಒಂದು ಮಾರ್ಗ. ಇತ್ತೀಚಿನ ವರ್ಷಗಳಲ್ಲಿ ಚೀನೀ ಭಾಷಾ ತಜ್ಞರನ್ನೂ ಅದಕ್ಕೆ ಸೇರಿಸಿಕೊಳ್ಳಲಾಗಿದೆ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವು 2016ರಲ್ಲಿ ಆರಂಭಿಸಿದ 'ಆಪದಾ ಮಿತ್ರ' ಯೋಜನೆಯಡಿ ಸಾಮಾನ್ಯ ನಾಗರಿಕರಿಗೆ ರಕ್ಷಣಾ ಕಾರ್ಯದ ತರಬೇತಿ ನೀಡಲಾಗಿದೆ. ಭಾಷಾಜ್ಞಾನವುಳ್ಳವರು ವಿಪತ್ತು ಒದಗಿದಾಗ ತಾವಾಗಿಯೇ ಸ್ಥಳಕ್ಕೆ ಧಾವಿಸದೆ, ಜಿಲ್ಲಾಡಳಿತಕ್ಕೆ ತಮ್ಮ ಹೆಸರು ಮತ್ತು ತಾವು ಬಲ್ಲ ಭಾಷೆಗಳನ್ನು ತಿಳಿಸುವುದು ಉಚಿತ. 2019ರ ಆಗಸ್ಟ್‌ನಲ್ಲಿ ಸಾಂಗ್ಲಿ, ಕೊಲ್ಹಾಪುರ, ಬೆಳಗಾವಿ ಜಿಲ್ಲೆಗಳನ್ನು ಪ್ರವಾಹವು ಒಟ್ಟಿಗೇ ಆವರಿಸಿತು. ಕೃಷ್ಣೆಯ ನೀರು ಭಾಷೆಯ ಗಡಿಯನ್ನು ಲೆಕ್ಕಿಸಲಿಲ್ಲ. ಮರಾಠಿ, ಕನ್ನಡ, ಹಿಂದಿಗಳನ್ನು ಬಲ್ಲ ಗಡಿನಾಡಿನ ನಾಗರಿಕರು ಇಂತಹ ಸೇವೆಗೆ ಸಹಜವಾಗಿಯೇ ಅರ್ಹರು. ಅವರಿಗೆ ಬೇಕಾಗಿರುವುದು ಮುಂಚಿತವಾದ ಅಭ್ಯಾಸ ಮತ್ತು ಶಿಸ್ತು.